ಜೇಬಿಲ್ಲದ ಅಂಗಿ

ಅವನು ಮೊದಲ ಸಲ ಬಂದಾಗ ಕರೆಂಟ್ ಹೋಗಿತ್ತು.
ಚೌಕಿಪೇಟೆಯ ಓಣಿಯಲ್ಲಿ ತೆರೆದಿದ್ದದ್ದು ನನ್ನದೊಂದೇ ಅಂಗಡಿ,
ಕಾಲಲ್ಲಿ ತುಳಿಯುವ ಮಿಷನ್ನು, ಮಗ್ಗುಲಲ್ಲಿ ಮೇಣದ ಬತ್ತಿ.
ಕಪ್ಪು ಬಟ್ಟೆ ಹರವಿದ, ಮೂರೂವರೆ ಮೀಟರು:
ಮುಚ್ಚಿಹೋದ ಕಾಟನ್ ಮಿಲ್ಲಿನ ಕೊನೆಯ ಥಾನಿನದು,
ಅಪ್ಪನ ಬಾಕಿ ಸಂಬಳದ ಬದಲು ಮನೆಗೆ ಬಂದದ್ದು.

"ಹಬ್ಬಕ್ಕಾ?" ಅಂದೆ.
"ರಾತ್ರಿಗೆ" ಅಂದ.

ಅಳತೆ ಹಿಡಿಯುವವನ ಮುಂದೆ ಸುಳ್ಳು ನಡೆಯಲ್ಲ.
ಎದೆ ಮೂವತ್ತೆಂಟು. ಬಲಭುಜ ಅರ್ಧ ಇಂಚು ಇಳಿದದ್ದು,
ಮೂಟೆ ಹೊತ್ತವರ ಭುಜ.
ಕತ್ತಿಗೆ ಟೇಪು ತಂದಾಗ ಉಸಿರು ಹಿಡಿದ;
ಹೆದರಿಕೆಯೂ ಇದೆ ಅಂತ ಬರೆದುಕೊಂಡೆ, ಚೀಟಿಯಲ್ಲಲ್ಲ.

"ಜೇಬು ಬೇಡ. ಒಳಗೂ ಬೇಡ, ಕಳ್ಳಜೇಬೂ ಬೇಡ.
ಗುಂಡಿ ಮುಂದೆ ಇರಲಿ, ಒಬ್ಬನೇ ತೊಟ್ಟು ಒಬ್ಬನೇ ಬಿಚ್ಚಬೇಕು.
ತೋಳು ತುಸು ಬಿಗಿ.
ಕೈ ತೀರಾ ಮೇಲೆ ಏಳಬಾರದು."
ಅಷ್ಟೇ ಅವನ ಧರ್ಮಶಾಸ್ತ್ರ. ಎಲ್ಲಾ ಹೊಲಿಗೆಯಲ್ಲೇ ಬಂತು.

ಊರು ಅವನಿಗೆ ಇರುಳಪ್ಪ ಅಂತ ಹೆಸರಿಟ್ಟಿತು.
ಬಡ್ಡಿಗೆ ಎಳಕೊಂಡು ಹೋದ ಆಟೋ
ಬೆಳಗಾಗುವುದರೊಳಗೆ ಓಡಿಸುವವನ ಬಾಗಿಲಲ್ಲಿತ್ತು.
ರೈಲ್ವೆ ಗೇಟಿನ ಹತ್ತಿರ ನರ್ಸಿಂಗ್ ಹುಡುಗಿಯರ ಹಿಂದೆ ಬೀಳುತ್ತಿದ್ದವರು
ಗೂಡ್ಸ್ ಹಾಯುವಷ್ಟು ಹೊತ್ತು ಕಿವಿ ಹಿಡಿದು ನಿಂತರಂತೆ.
ಐವತ್ತೆಂಟು ಡಬ್ಬಿ. ಎಣಿಸಿದವರಿದ್ದಾರೆ.

ಅಂಥವನ ಜೊತೆಗೆ ಬರುತ್ತೇವೆಂದವರು ಎಷ್ಟು ಜನ!
ಅಕ್ಕಿ ಮಿಲ್ಲಿನ ಯಜಮಾನರು ಜೀಪು ಕೊಡುತ್ತೇನೆಂದರು,
ಜೀಪಿನ ಸಂಗಡ ಒಂದು ಪಟ್ಟಿ,
ಪಟ್ಟಿಯಲ್ಲಿ ಒಡಹುಟ್ಟಿದ ತಮ್ಮನೇ ಮೊದಲು.
ಗರಡಿಯ ಹುಡುಗ ಮಾರುತೇಶ
"ಯಾರಿಗೆ ಹೊಡೀಬೇಕು ಹೇಳಣ್ಣ" ಅಂದ.
ಯಾಕೆ ಅಂತ ಕೇಳಲಿಲ್ಲ. ಅದಕ್ಕೇ ಬೇಡವಾದ.

ಇಟ್ಟುಕೊಂಡದ್ದು ಇಬ್ಬರನ್ನ.
ಹಳೇ ಬಸ್ ಸ್ಟ್ಯಾಂಡಲ್ಲಿ ರಾತ್ರಿಯಿಡೀ ಚಹಾ ಕಾಸುವ ಕೊಟ್ರವ್ವ:
ಬೀಗ ಮುರಿಯುತ್ತೇನೆಂದರೆ
"ಬಾಗಿಲು ಬಡಿದು ನೋಡಿದ್ಯಾ ಮೊದಲು?" ಅನ್ನುವವಳು.
ಇನ್ನೊಬ್ಬ ನಾನು, ಉದ್ರಿ ಕೇಳಿದಾಗ
ಇರುಳಪ್ಪನಿಗೂ ಇಲ್ಲ ಅಂದವನು.

ಮೊನ್ನೆ ಅಮಾವಾಸ್ಯೆ ಕಳೆದು ಅಂಗಿ ತಂದು ಮಿಷನ್ನಿನ ಮೇಲಿಟ್ಟ.
"ಚಮನಣ್ಣ, ಒಂದು ಜೇಬು ಹಚ್ಚು."

ಸೂಜಿಗೆ ದಾರ ಪೋಣಿಸುತ್ತಿದ್ದೆ.
ಪೋಣಿಸುತ್ತಲೇ ಇದ್ದೆ.

ಮಂಡಕ್ಕಿ ಭಟ್ಟಿಯ ಹಾಲೇಶನ ಕೈ. ಮೊಣಕೈ ಕೆಳಗೆ, ಎರಡು ಕಡೆ.
ಕತ್ತಲಲ್ಲಿ ಓಡುತ್ತಿದ್ದನಂತೆ. ಓಡುವವನೇ ಕಳ್ಳ ಅಂದುಕೊಂಡನಂತೆ.
ಓಡಿದ್ದು ಪಾಳಿಗೆ ತಡವಾಯಿತೆಂದು:
ಮೂರಕ್ಕೆ ಮರಳು ಕಾಯಬೇಕು, ಆರಕ್ಕೆ ಊರು ಮಂಡಕ್ಕಿ ಕೇಳುತ್ತೆ.

ತೋಳು ಬಿಗಿ ಇತ್ತಲ್ಲ, ಅಂದೆ.
ಕಂಕುಳಲ್ಲಿ ಹೊಲಿಗೆ ಬಿಚ್ಚಿತ್ತು. ತಾನೇ ಬಿಚ್ಚಿದ್ದ,
ಎರಡು ತಿಂಗಳ ಹಿಂದೆ, ಗಾಳಿಯಾಡಲಿ ಅಂತ.

"ಇದು ಅವನ ಆಸ್ಪತ್ರೆ ಚೀಟಿ. ಯಾವಾಗಲೂ ಇರಬೇಕು.
ಎದೆಯ ಹತ್ತಿರ."

ಚೆನ್ನಾಗಿತ್ತು ಮಾತು. ತೀರಾ ಚೆನ್ನಾಗಿತ್ತು. ಅದಕ್ಕೇ ಒಪ್ಪಲಿಲ್ಲ.
ಜೇಬು ಅಂದರೆ ಇಟ್ಟು ಮರೆಯುವ ಜಾಗ ಕಣಪ್ಪ,
ರಿಪೇರಿಗೆ ಬಂದ ಅಂಗಿಗಳಲ್ಲಿ ನಲವತ್ತು ವರ್ಷ
ಏನೇನು ಸಿಕ್ಕಿದೆ ನನಗೆ ಗೊತ್ತಿಲ್ವಾ.
ಕೈಯಲ್ಲಿ ಹಿಡಕೊಂಡು ಹೋಗು. ಹಾಲೇಶನ ಮನೆಗೆ.
ಹಗಲು. ಮುಖ ತೆರೆದು.

ಈಗ ಭಟ್ಟಿಯಲ್ಲಿ ಹೊಸಬನೊಬ್ಬ ಇದ್ದಾನೆ, ಬಲಭುಜ ಇಳಿದವ.
ಕಾದ ಮರಳಲ್ಲಿ ಅಕ್ಕಿ ತಿರುವಲು ಇನ್ನೂ ಬರಲ್ಲ, ಬೆರಳು ಸುಟ್ಟುಕೊಳ್ಳುತ್ತಾನೆ.
ಪಕ್ಕದ ಸ್ಟೂಲಿನಲ್ಲಿ ಹಾಲೇಶ, ಕೈ ಜೋಲಿಯಲ್ಲಿ,
"ನೋಡಿ ತಿರುವಲೇ, ನೋಡಿ" ಅಂತ ಬೈಯುತ್ತಾನೆ.
ಶನಿವಾರದ ಕೂಲಿ ಹಾಲೇಶನ ಹೆಂಡತಿ ಎಣಿಸಿಕೊಳ್ಳುತ್ತಾಳೆ,
ಎರಡು ಸಲ.

ಕ್ಷಮಿಸಿದನಾ, ಅಂತ ಕೇಳಿದೆ.
"ಅದೆಲ್ಲ ಗೊತ್ತಿಲ್ಲ. ಮೂರನೆಯವನಾಗಿ ಬಾ ಅಂದೆ.
ಬರಲ್ಲ ಅಂದ."
ಊದಿಕೊಂಡ ಬೆರಳು ನೋಡಿಕೊಂಡ.
"ಆಗಲೇ ಗೊತ್ತಾಯ್ತು, ಅವನೇ ಬೇಕು ಅಂತ."

ಅಂಗಿ ನನ್ನಲ್ಲೇ ಇದೆ, ಮೊಳೆಗೆ ನೇತು.
ಕಂಕುಳ ಹೊಲಿಗೆ ಮತ್ತೆ ಹಾಕಿದ್ದೇನೆ,
ಈ ಸಲ ಎರಡೆಳೆ ದಾರ.